ಸ್ಲೈಡಿನ ಮೆಟ್ಟಿಲ ಮೇಲೆ ಮಾಡಿದ ಲೆಕ್ಕ

ಮೇ ತಿಂಗಳ ಒಂದು ಭಾನುವಾರ, ಮಧ್ಯಾಹ್ನ 12 ಗಂಟೆ. ಒಂದು ವಾಟರ್ ಪಾರ್ಕಿನ ದೊಡ್ಡ ಸ್ಲೈಡಿನ ಮೆಟ್ಟಿಲ ಮೇಲೆ ನಿಂತಿದ್ದೆ. ಕಬ್ಬಿಣದ ಮೆಟ್ಟಿಲು, ಬರಿಗಾಲು, ಪಾದ ಸುಡುತ್ತಿತ್ತು. ಒಂದು ಮೆಟ್ಟಿಲು ಮೇಲೆ ಅಕ್ಕನ ಮಗ, ಒಂದು ಮೆಟ್ಟಿಲು ಕೆಳಗೆ ಅಕ್ಕನ ಮಗಳು. "ಮಾಮ, ಇನ್ನೆಷ್ಟು ಹೊತ್ತುಂಟು?" ಎಂದು ಸಣ್ಣವನು ಕೇಳಿದ್ದು ಅದು ಆರನೇ ಸಲ.

ತಪ್ಪು ನಮ್ಮದೇ. ಉಡುಪಿಯಿಂದ ಬೆಳಿಗ್ಗೆ ಏಳಕ್ಕೆ ಹೊರಡುವುದು ಅಂತ ಮಾತಾಗಿತ್ತು. ನೀರುದೋಸೆ ಆಗಿ, ಚಾ ಆಗಿ, ಭಾವನ ಈಜುಚಡ್ಡಿ ಹುಡುಕಿ ಆಗುವಾಗ ಒಂಬತ್ತೂವರೆ. ಗೇಟಿನ ಹತ್ತಿರ ಇಳಿದಾಗ ಅರ್ಧ ಕರಾವಳಿಯೇ ಅಲ್ಲಿದ್ದ ಹಾಗಿತ್ತು. ಅವರ ಮನೆಯಲ್ಲೂ ನೀರುದೋಸೆಯೇ ಇರಬೇಕು.

ಫೋನ್ ಲಾಕರಿನಲ್ಲಿತ್ತು. ಬೇರೆ ಕೆಲಸ ಇಲ್ಲ, ಸುಮ್ನೆ ಲೆಕ್ಕ ಮಾಡಲು ಶುರು ಮಾಡಿದೆ. ಮೇಲೆ ನಿಂತ ಲೈಫ್‌ಗಾರ್ಡ್ ಹುಡುಗ ಒಬ್ಬರನ್ನು ಬಿಡುತ್ತಿದ್ದ. ಅವರು ಕೆಳಗೆ ಬಿದ್ದು, ಎದ್ದು, ಆಚೆ ಸರಿದ ಮೇಲೆ ಕೆಳಗಿನವನು ಕೈ ಎತ್ತುತ್ತಿದ್ದ. ಆಮೇಲೆ ಇನ್ನೊಬ್ಬರು. ಮನಸ್ಸಿನಲ್ಲೇ ಎಣಿಸಿದೆ. ಸುಮಾರು 30 ಸೆಕೆಂಡಿಗೆ ಒಬ್ಬರು. ಅಂದರೆ ನಿಮಿಷಕ್ಕೆ ಇಬ್ಬರು, ಗಂಟೆಗೆ 120 ಜನ. ನಮ್ಮ ಮುಂದಿದ್ದ ತಲೆಗಳು 80. "ನಲವತ್ತು ನಿಮಿಷ" ಎಂದೆ. ಸಣ್ಣವನ ಮುಖ ನೋಡಿದ ಮೇಲೆ ಹೇಳಬಾರದಿತ್ತು ಅನ್ನಿಸಿತು.

ನಾನು ಮಾಡಿದ ಈ ಲೆಕ್ಕಕ್ಕೆ ಒಂದು ಹೆಸರುಂಟು: ಲಿಟಲ್ ನಿಯಮ. ಸಾಲಿನಲ್ಲಿರುವ ಸರಾಸರಿ ಜನರ ಸಂಖ್ಯೆ ಎಂದರೆ, ಗಂಟೆಗೆ ಎಷ್ಟು ಜನ ಬಂದು ಹೋಗುತ್ತಾರೋ ಅದನ್ನು ಒಬ್ಬೊಬ್ಬರು ಕಾಯುವ ಸರಾಸರಿ ಹೊತ್ತಿನಿಂದ ಗುಣಿಸಿದಷ್ಟು. ನಾನು ಅದನ್ನೇ ತಿರುಗಿಸಿ, 80 ಜನರನ್ನು ಗಂಟೆಯ 120ರಿಂದ ಭಾಗಿಸಿದ್ದೆ. ಜಾನ್ ಲಿಟಲ್ ಎಂಬ ಅಮೆರಿಕದ ವಿಜ್ಞಾನಿ 1961ರಲ್ಲಿ ಇದನ್ನು ಗಣಿತದ ಮೂಲಕ ಸಾಬೀತು ಮಾಡಿದರು. ಇಷ್ಟೇನಾ ಅಂತ ಅನ್ನಿಸಬಹುದು. ಆದರೆ ಬ್ಯಾಂಕಿಗೂ ಆಸ್ಪತ್ರೆಗೂ ಮೀನು ಮಾರ್ಕೆಟ್ಟಿಗೂ ಇದು ಒಂದೇ ರೀತಿ ಹೊಂದುತ್ತದೆ. ಜನ ಒಬ್ಬೊಬ್ಬರಾಗಿ ಬರಲಿ, ಗುಂಪಾಗಿ ಬರಲಿ, ನಿಯಮಕ್ಕೆ ಚಿಂತೆ ಇಲ್ಲ.

ಪಾರ್ಕಿನಲ್ಲಿ ಇದರಿಂದ ತುಂಬ ಉಪಯೋಗ ಉಂಟು. ನಮ್ಮ ಸ್ಲೈಡಿನ ಪಕ್ಕದಲ್ಲೇ ಆರು ಜನ ಕೂರುವ ರಾಫ್ಟ್ ಇತ್ತು. ಅದರ ಸಾಲು ಹಾವಿನ ಹಾಗೆ ಸುತ್ತಿಕೊಂಡಿತ್ತು, ಹತ್ತಿರ ಹತ್ತಿರ 150 ಜನ. ಅದನ್ನು ನೋಡಿ ಹೆದರಿಯೇ ನಾವು ಇತ್ತ ಬಂದದ್ದು. ಆದರೆ ರಾಫ್ಟ್ ನಿಮಿಷಕ್ಕೊಂದು ಹೊರಡುತ್ತಿತ್ತು. 150 ಜನ ಎಂದರೆ 25 ನಿಮಿಷ. ನಮ್ಮ 80 ಜನರ ಗಿಡ್ಡ ಸಾಲಿಗಿಂತ ಕಾಲು ಗಂಟೆ ಕಡಿಮೆ! ಅಂದಿನಿಂದ ಯಾವ ಸಾಲಿಗೆ ಸೇರುವುದಿದ್ದರೂ ಮೊದಲು ಎರಡು ನಿಮಿಷ ಬದಿಯಲ್ಲಿ ನಿಂತು, ಎಷ್ಟು ಜನ ಒಳಗೆ ಹೋದರು ಅಂತ ನೋಡುವುದು ನನಗೆ ಅಭ್ಯಾಸ ಆಗಿದೆ. ಅಕ್ಕನಿಗೆ ಇದು ಹುಚ್ಚು ಅನ್ನಿಸುತ್ತದೆ.

ಇರಲಿ, ಆ ಸಾಲು ಕಟ್ಟಿದ್ದು ಹೇಗೆ? ಆ ಸ್ಲೈಡಿನಿಂದ ಗಂಟೆಗೆ 120 ಜನ ಇಳಿಯಬಹುದು. ಹತ್ತೂವರೆಯಿಂದ ಹನ್ನೆರಡೂವರೆಯವರೆಗೆ ಗಂಟೆಗೆ 180 ಜನ ಬಂದರು ಅಂತಿಟ್ಟುಕೊಳ್ಳಿ. ಪ್ರತಿ ಗಂಟೆಗೆ 60 ಜನ ಉಳಿಯುತ್ತಾರೆ. ಎರಡು ಗಂಟೆಗೆ 120 ಜನ. ಕೊನೆಯಲ್ಲಿ ನಿಂತವರಿಗೆ ಒಂದು ಗಂಟೆ ಕಾಯುವ ಕೆಲಸ.

ತಮಾಷೆ ಇರುವುದು ಇನ್ನು ಮುಂದೆ. ಊಟದ ನಂತರ ಬರುವವರು ಕಡಿಮೆಯಾಗಿ ಗಂಟೆಗೆ 120ಕ್ಕೆ ಇಳಿದರು ಅನ್ನಿ. ಆಗಲೂ ಸಾಲು ಕರಗುವುದಿಲ್ಲ. ಬಂದಷ್ಟು ಜನ ಹೋಗುತ್ತಾರೆ, ಬೆಳಿಗ್ಗೆ ಉಳಿದ 120 ಹಾಗೇ ಇರುತ್ತದೆ. ಮೂರು ಗಂಟೆಗೆ ಬಂದ ಪಾಪದವನು ಹತ್ತೂವರೆಯವರು ಮಾಡಿಟ್ಟದ್ದನ್ನು ತೀರಿಸಬೇಕು. ಸಾಲಕ್ಕೂ ಸಾಲಿಗೂ ಒಂದು ಕೊಂಬಿನ ವ್ಯತ್ಯಾಸ ಅಷ್ಟೇ ಮಾರಾಯ್ರೆ.

ಹಾಗಾಗಿ ಗೇಟು ತೆರೆಯುವ ಅರ್ಧ ಗಂಟೆ ಮೊದಲು ಬಂದು ನಿಂತವರಿಗೆ ಸಿಗುವ ಲಾಭ ಬರೀ ಅರ್ಧ ಗಂಟೆಯದ್ದಲ್ಲ. ಅವರು ಸಾಲ ಹುಟ್ಟುವ ಮೊದಲೇ ಆಡಿ ಮುಗಿಸುತ್ತಾರೆ. ಒಳಗೆ ಹೋದ ಕೂಡಲೇ ಎದುರು ಸಿಗುವ ಆಟದ ಹತ್ತಿರ ನಿಲ್ಲದೆ, ಹಿಂದಿನ ಮೂಲೆಯ ದೊಡ್ಡ ಸ್ಲೈಡಿಗೆ ನೇರ ಹೋದರೆ ಇನ್ನೂ ಒಳ್ಳೆಯದು. ಮುಚ್ಚುವ ಮೊದಲಿನ ಒಂದು ಗಂಟೆಯೂ ಚಂದ. ಆಗ ಹೆಚ್ಚಿನವರು ಬಟ್ಟೆ ಬದಲಾಯಿಸುವ ಕೋಣೆಯ ಎದುರು ಸಾಲು ನಿಂತಿರುತ್ತಾರೆ.

ಸಾಲುಗಳ ಗಣಿತ ಶುರುವಾದದ್ದು ಪಾರ್ಕಿನಲ್ಲಲ್ಲ, ಟೆಲಿಫೋನ್ ಕಂಪನಿಯಲ್ಲಿ. ಡೆನ್ಮಾರ್ಕಿನ ಆಗ್ನರ್ ಎರ್ಲಾಂಗ್ ಎಂಬವರು ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದರು. ಕರೆಗಳು ಯಾವ ಕ್ರಮವೂ ಇಲ್ಲದೆ ಬರುವಾಗ ಎಷ್ಟು ಲೈನು ಬೇಕು, ಜನ ಎಷ್ಟು ಕಾಯಬೇಕು ಎಂಬ ಪ್ರಶ್ನೆ ಅವರ ಮುಂದಿತ್ತು. ಈ ಬಗ್ಗೆ ಅವರ ಮೊದಲ ಲೇಖನ ಬಂದದ್ದು 1909ರಲ್ಲಿ. ಆ ದಾರಿಯಲ್ಲಿ ಸಿಕ್ಕ ಒಂದು ಉತ್ತರ ನನಗೆ ಈಗಲೂ ಪೂರ್ತಿ ನಂಬಲಾಗುವುದಿಲ್ಲ.

ಪಾರ್ಕಿನ ಕ್ಯಾಂಟೀನಿನಲ್ಲಿ ಒಂದೇ ಕೌಂಟರ್ ಉಂಟು ಅಂತಿಟ್ಟುಕೊಳ್ಳಿ. ಜನ ಯಾವಾಗ ಬೇಕೋ ಆಗ ಬರುತ್ತಾರೆ. ಒಬ್ಬರು ಚಾ ಕೇಳುತ್ತಾರೆ, ಇನ್ನೊಬ್ಬರು ಇಡೀ ಕುಟುಂಬಕ್ಕೆ ಗೋಳಿಬಜೆ ಕೇಳುತ್ತಾರೆ. ಸರಾಸರಿ ಒಬ್ಬರಿಗೆ 1 ನಿಮಿಷ. ಕೌಂಟರಿನವನು ಅರ್ಧ ಹೊತ್ತು ಬಿಡುವಾಗಿದ್ದರೆ ನೀವು ಸರಾಸರಿ 1 ನಿಮಿಷ ಕಾಯುತ್ತೀರಿ. ಅವನಿಗೆ 100ರಲ್ಲಿ 80 ಪಾಲು ಹೊತ್ತು ಕೆಲಸ ಇದ್ದರೆ 4 ನಿಮಿಷ. 90 ಪಾಲು ಆದರೆ 9 ನಿಮಿಷ. 95 ಆದರೆ 19 ನಿಮಿಷ! 80ರಿಂದ 95ಕ್ಕೆ ಜನ ಹೆಚ್ಚಾದದ್ದು ಐದರಲ್ಲಿ ಒಂದು ಪಾಲಿಗಿಂತ ಕಡಿಮೆ. ಕಾಯುವ ಹೊತ್ತು ಮಾತ್ರ ಹತ್ತಿರ ಹತ್ತಿರ ಐದು ಪಟ್ಟು.

ಇದನ್ನೇ ತಿರುಗಿಸಿ ನೋಡಿ. ತುಂಬಿ ತುಳುಕುವ ಹೊತ್ತಿನಿಂದ ಚೂರು ಆಚೆ ಸರಿದರೆ ಸಾಕು, ಲಾಭ ಜಾಸ್ತಿ. ಒಂದೂವರೆಗೆ ಉಣ್ಣುವ ಬದಲು ಹನ್ನೊಂದೂಮುಕ್ಕಾಲಿಗೆ ಉಂಡರೆ ಕ್ಯಾಂಟೀನಿನಲ್ಲೂ ಸಾಲಿಲ್ಲ, ಎಲ್ಲರೂ ಉಣ್ಣುವಾಗ ಸ್ಲೈಡೂ ಖಾಲಿ. ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಕೂರುವ ನಮ್ಮ ಹಿರಿಯರಿಗೆ ಇದು ಗೊತ್ತಿತ್ತಾ ಅಥವಾ ಅವರಿಗೆ ಮಾತು ಮುಗಿಯುತ್ತಿರಲಿಲ್ಲವಾ, ಹೇಳುವುದು ಕಷ್ಟ.

ಸಾಲು ಉದ್ದ ಮಾಡುವ ಇನ್ನೊಂದು ಸಂಗತಿ ಏರುಪೇರು. ಉಡುಪಿ ಮಠದಲ್ಲಿ ಕೃಷ್ಣನನ್ನು ನೋಡುವುದು ನವಗ್ರಹ ಕಿಂಡಿಯ ಮೂಲಕ, ಒಂಬತ್ತು ರಂಧ್ರ. ಹೆಚ್ಚಿನವರು ಒಮ್ಮೆ ಇಣುಕಿ, ಕೈ ಮುಗಿದು ಮುಂದೆ ಹೋಗುತ್ತಾರೆ. ನನ್ನ ಅಮ್ಮನಿಗೆ ಮಾತ್ರ ಮೇಲಿಂದ, ಕೆಳಗಿಂದ, ಬದಿಯಿಂದ ನೋಡದೆ ಸಮಾಧಾನ ಇಲ್ಲ. ಹಿಂದಿನವರು ಗೊಣಗಿದರೆ "ಎಂತ ಅವಸರ ಇವರಿಗೆ" ಎನ್ನುತ್ತಾರೆ. ಸರಾಸರಿ ಅಷ್ಟೇ ಇದ್ದರೂ, ಒಬ್ಬರಿಗೆ 5 ಸೆಕೆಂಡು, ಇನ್ನೊಬ್ಬರಿಗೆ 1 ನಿಮಿಷ ಅಂತ ಏರುಪೇರು ಆದಷ್ಟೂ ಸಾಲು ಬೆಳೆಯುತ್ತದೆ. ಸ್ಲೈಡಿನ ತುದಿಯಲ್ಲಿ ಕೆಳಗೆ ನೋಡಿ ಹೆದರಿ, ಮೂರು ನಿಮಿಷ ಹೋಗಲಾ ಬೇಡವಾ ಅಂತ ಕೂತ ನಮ್ಮ ಭಾವನೂ ಈ ಲೆಕ್ಕಕ್ಕೆ ಸೇರುತ್ತಾರೆ.

"ಯಾವಾಗ ಹೋದರೂ ರಶ್ಶೇ" ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಸೋಮವಾರದಿಂದ ಶನಿವಾರದವರೆಗೆ ದಿನಕ್ಕೆ 200 ಜನ, ಭಾನುವಾರ 1,800 ಜನ ಬರುವ ಒಂದು ಪಾರ್ಕ್ ಊಹಿಸಿ. ವಾರಕ್ಕೆ 3,000 ಜನ. ಏಳರಲ್ಲಿ ಆರು ದಿನ ಪಾರ್ಕು ಖಾಲಿ. ಆದರೆ ಹೋಗಿ ಬಂದವರನ್ನು ಕೇಳಿದರೆ ಹತ್ತರಲ್ಲಿ ಆರು ಮಂದಿ "ಕಾಲಿಡಲು ಜಾಗ ಇಲ್ಲ" ಎನ್ನುತ್ತಾರೆ. ಏಕೆಂದರೆ ಅವರು ಹೋದದ್ದೇ ಭಾನುವಾರ. ಖಾಲಿ ದಿನಕ್ಕೆ ಸಾಕ್ಷಿ ಹೇಳುವವರು ಕಡಿಮೆ. ನಮ್ಮ ಕಡೆ ಏಪ್ರಿಲ್-ಮೇ, ದಸರಾ ರಜೆ, ಡಿಸೆಂಬರಿನ ಶಾಲಾ ಪ್ರವಾಸದ ಬಸ್ಸುಗಳು, ಇಷ್ಟನ್ನು ತಪ್ಪಿಸಬೇಕು. ಕಾಸರಗೋಡಿನ ಕಡೆಯಿಂದಲೂ ಜನ ಬರುವುದರಿಂದ ಓಣಂ ಯಾವಾಗ ಅಂತಲೂ ಒಮ್ಮೆ ಕ್ಯಾಲೆಂಡರ್ ನೋಡಿಕೊಳ್ಳಿ.

ಪಕ್ಕದ ಕೌಂಟರಿನ ಸಾಲೇ ಬೇಗ ಹೋಗುತ್ತದೆ ಎಂಬ ದುಃಖಕ್ಕೂ ಉತ್ತರ ಸುಲಭ. ಮೂರು ಕೌಂಟರ್ ಇದ್ದರೆ ನಿಮ್ಮದೇ ಎಲ್ಲಕ್ಕಿಂತ ಬೇಗ ಹೋಗುವ ಸಾಧ್ಯತೆ ಮೂರರಲ್ಲಿ ಒಂದು. ಉಳಿದ ಎರಡು ಸಲ ಹೊಟ್ಟೆ ಉರಿಯಲೇಬೇಕು.

ಮಲ್ಪೆಯ ಕತೆ ಸ್ವಲ್ಪ ಬೇರೆ. ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೊಡ್ಡ ಬೋಟಿನಲ್ಲಿ ಜನ ಒಬ್ಬೊಬ್ಬರಾಗಿ ಹೋಗುವುದಿಲ್ಲ, ಒಂದು ಬೋಟು ತುಂಬ ಹೋಗುತ್ತಾರೆ. ಇಂಥ ಕಡೆ ಬೋಟು ತುಂಬುವುದಕ್ಕೂ ಕಾಯಬೇಕು, ತುಂಬಿದರೆ ಮುಂದಿನ ಬೋಟಿಗೂ ಕಾಯಬೇಕು. ಆದರೆ ಸಣ್ಣ ಗುಂಪಿಗೆ ಇಲ್ಲೊಂದು ಅವಕಾಶ ಉಂಟು. "ಇಬ್ಬರಿಗೆ ಜಾಗ ಉಂಟು, ಇಬ್ಬರು ಯಾರಾದರೂ ಬರ್ತೀರಾ?" ಅಂತ ಕೂಗಿದಾಗ ಎಂಟು ಜನರ ಕುಟುಂಬ ಸುಮ್ಮನೆ ನಿಲ್ಲುತ್ತದೆ, ಇಬ್ಬರೇ ಇದ್ದವರು ಹತ್ತಿ ಹೋಗುತ್ತಾರೆ. ವಿದೇಶದ ದೊಡ್ಡ ಪಾರ್ಕುಗಳಲ್ಲಿ ಒಂಟಿಯಾಗಿ ಬಂದವರಿಗೇ ಬೇರೆ ಸಾಲು ಇರುತ್ತದೆ, ಉಳಿದ ಒಂದೊಂದು ಸೀಟು ತುಂಬಿಸಲು. ಬೇರೆ ಬೇರೆ ಕೂರಲು ತಯಾರಿದ್ದರೆ ಮನೆಯವರೆಲ್ಲ ಅದರಲ್ಲೇ ಹೋಗಬಹುದು.

ವಾಟರ್ ಪಾರ್ಕಿನಲ್ಲಿ ಇದರ ತಮ್ಮ ಅಂದರೆ ವೇವ್ ಪೂಲ್. ಅಲೆ ಶುರುವಾಗುವ ಸೈರನ್ ಕೂಗಿದ ಕೂಡಲೇ ಮಕ್ಕಳು, ದೊಡ್ಡವರು, ಚಪ್ಪಲಿ ಬಿಟ್ಟವರು, ಬಿಡದವರು ಎಲ್ಲ ಅತ್ತ ಓಡುತ್ತಾರೆ. ಆ ಒಂದು ಕೊಳ ನೂರಾರು ಜನರನ್ನು ಒಟ್ಟಿಗೇ ನುಂಗುತ್ತದೆ. ಅದೇ ಹೊತ್ತಿಗೆ ಸ್ಲೈಡಿನ ಕಡೆ ತಿರುಗಿ ನೋಡಿ. ಆ ಭಾನುವಾರ ಸೈರನ್ ಆದಾಗ ನಮ್ಮ ಹಿಂದಿದ್ದ ಸಾಲು ಅರ್ಧ ಖಾಲಿಯಾದದ್ದನ್ನು ನಾನು ಕಣ್ಣಾರೆ ಕಂಡೆ. ಅಲೆ ನಿಲ್ಲುವ ಮೊದಲು ಇನ್ನೊಮ್ಮೆ ಹತ್ತಿ ಇಳಿದೆವು. ಆ ದಿನ ನಾವು ಮಾಡಿದ ಒಂದೇ ಒಂದು ಬುದ್ಧಿವಂತಿಕೆ ಅದು.

ದುಡ್ಡು ಕೊಟ್ಟು ಸಾಲು ತಪ್ಪಿಸುವ ದಾರಿಯೂ ಉಂಟು. ಬಿಡದಿಯ ವಂಡರ್‌ಲಾದಲ್ಲಿ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಸಿಗುತ್ತದೆ. ಅಮೆರಿಕದ ಡಿಸ್ನಿ ಪಾರ್ಕುಗಳು 1999ರಲ್ಲಿ ಫಾಸ್ಟ್‌ಪಾಸ್ ತಂದಾಗ ಅದಕ್ಕೆ ಬೇರೆ ದುಡ್ಡಿರಲಿಲ್ಲ. ಚೀಟಿ ತೆಗೆದುಕೊಂಡು ಬೇರೆಡೆ ಸುತ್ತಾಡಿ, ಹೇಳಿದ ಹೊತ್ತಿಗೆ ಬಂದರಾಯಿತು. 2021ರಲ್ಲಿ ಅದನ್ನು ನಿಲ್ಲಿಸಿ, ದುಡ್ಡು ಕೊಡುವ ವ್ಯವಸ್ಥೆ ತಂದರು. ಲಿಟಲ್ ನಿಯಮ ಗೊತ್ತಿದ್ದವರಿಗೆ ಇದರ ಒಳಗುಟ್ಟೂ ಕಾಣುತ್ತದೆ. ಚೀಟಿಯಿಂದ ಆಟದ ವೇಗ ಹೆಚ್ಚಾಗುವುದಿಲ್ಲ. ಗಂಟೆಗೆ 120 ಎಂದರೆ 120ವೇ. ಒಬ್ಬರು ಮುಂದೆ ಹೋದರೆ ಇನ್ನೊಬ್ಬರ ಸರದಿ ಹಿಂದೆ ಹೋಗುತ್ತದೆ. ತಿರುಪತಿಯ ಹಾಗೆ ಹೊತ್ತು ಬರೆದ ಟೋಕನ್ ಕೊಡುವುದೇ ನನಗೆ ಹೆಚ್ಚು ಹಿಡಿಸುತ್ತದೆ. ಕಾಯುವುದು ತಪ್ಪದಿದ್ದರೂ ಕಾಲಾದರೂ ಉಳಿಯುತ್ತದೆ.

ಕೈಗೆ ಕೆಲಸ ಇಲ್ಲದ ಹೊತ್ತು ಉದ್ದ ಅನ್ನಿಸುತ್ತದೆ ಎಂದು ಡೇವಿಡ್ ಮೈಸ್ಟರ್ ಎಂಬ ಮ್ಯಾನೇಜ್‌ಮೆಂಟ್ ತಜ್ಞರು 1985ರಲ್ಲಿ ಕಾಯುವಿಕೆಯ ಬಗ್ಗೆ ಬರೆದ ಪ್ರಬಂಧದಲ್ಲಿ ಹೇಳಿದ್ದರು. ತಲೆ ಎಣಿಸುತ್ತಾ ನಿಂತ ನನಗೆ ಆ 40 ನಿಮಿಷ ಹೇಗೋ ಹೋಯಿತು. ಸಣ್ಣವನಿಗೆ ಹೋಗಲಿಲ್ಲ.

ಅದಕ್ಕೇ ಎರಡನೇ ಸಲ ಹೋದದ್ದು ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆಗಾಲದ ತುಳು ತಿಂಗಳಲ್ಲಿ. ಆಟಿ ತಿಂಗಳಲ್ಲಿ ನಮ್ಮ ಕಡೆ ಮದುವೆ ಮುಂಜಿ ಇಲ್ಲ, ಪಾರ್ಕಿಗೆ ಹೋಗುವವರಂತೂ ಇಲ್ಲವೇ ಇಲ್ಲ. ಶನಿವಾರ, ಮಕ್ಕಳ ಶಾಲೆ ಮಧ್ಯಾಹ್ನಕ್ಕೆ ಬಿಟ್ಟ ಮೇಲೆ ಹೊರಟೆವು. ಜಿಟಿಜಿಟಿ ಮಳೆ. "ಮಳೆಯಲ್ಲಿ ವಾಟರ್ ಪಾರ್ಕಾ!" ಅಂತ ಅಮ್ಮ ಬೈದರು. ಹೇಗೂ ಒದ್ದೆಯಾಗಲಿಕ್ಕೇ ಹೋಗುವುದಲ್ವಾ ಎಂದೆ. ಗುಡುಗು ಮಿಂಚು ಬಂದರೆ ಆಟ ನಿಲ್ಲಿಸುತ್ತಾರೆ, ನಿಲ್ಲಿಸಬೇಕು ಕೂಡ. ಆ ದಿನ ಬರೀ ಮಳೆ.

ಅದೇ ಸ್ಲೈಡು, ಅದೇ ಮೆಟ್ಟಿಲು. ಮುಂದೆ ಯಾರೂ ಇಲ್ಲ. ಲೈಫ್‌ಗಾರ್ಡ್ ಹುಡುಗ ರೈನ್‌ಕೋಟ್ ಹಾಕಿಕೊಂಡು ಆಕಳಿಸುತ್ತಿದ್ದ. ಒಮ್ಮೆ ಇಳಿದು, ಓಡಿ ಹತ್ತಿ, ಮತ್ತೆ ಇಳಿದು, ಹತ್ತಿ. ಐದನೇ ಸಲ ಅರ್ಧ ಮೆಟ್ಟಿಲಿನಲ್ಲಿ ಸಣ್ಣವನು ಟ್ಯೂಬ್ ಕೆಳಗಿಟ್ಟು ಅದರ ಮೇಲೆಯೇ ಕೂತ.

"ಮಾಮ, ಕಾಲು ನೋವಾಗ್ತದೆ. ಸ್ವಲ್ಪ ಹೊತ್ತು ಇಲ್ಲೇ ಕೂರುವನಾ?"