ಹುಲಿ ಕೊಂದ ಹುಡುಗ

ಭಾಷಾವಿಜ್ಞಾನದ ಹೊಸ ಬ್ಯಾಚು ಬಂದಾಗಲೆಲ್ಲ ನಾನು ಮೊದಲ ದಿನ ಬೋರ್ಡಿನ ಮೇಲೆ ಮೂರೇ ಪದ ಬರೆಯುತ್ತೇನೆ: ಹುಲಿ ಕೊಂದ ಹುಡುಗ. ಸತ್ತವರು ಯಾರು ಎಂದು ಕೇಳುತ್ತೇನೆ. ಕೆಲವರು ಹುಲಿ ಎನ್ನುತ್ತಾರೆ, ಕೆಲವರು ಹುಡುಗ ಎನ್ನುತ್ತಾರೆ. ಸ್ವಲ್ಪ ಹೊತ್ತು ವಾದ ನಡೆಯುತ್ತದೆ. ಆಮೇಲೆ ಎರಡೂ ಸರಿ ಎಂದು ಎಲ್ಲರಿಗೂ ಹೊಳೆಯುತ್ತದೆ.

ಪದ ಬದಲಾಗಿಲ್ಲ, ಪದಗಳ ಸಾಲೂ ಅದೇ. ಆದರೂ ಅರ್ಥ ಎರಡು. ಯಾಕೆ? ‘ಕೊಲ್ಲು’ ಎನ್ನುವ ಮಾತಿಗೆ ಎರಡು ಜಾಗ ತುಂಬಬೇಕು: ಕೊಂದವರದು ಒಂದು, ಸತ್ತವರದು ಇನ್ನೊಂದು. ಹುಲಿ ಒಂದರಲ್ಲಿ ಕೂತಿದೆ. ಉಳಿದ ಖಾಲಿ ಜಾಗ ಹುಡುಗನದು. ಹುಲಿ ಯಾವುದರಲ್ಲಿ ಕೂತಿದೆ ಎನ್ನುವುದೇ ಪ್ರಶ್ನೆ. ‘ಹುಲಿಯನ್ನು’ ಎಂದಿದ್ದರೆ ಗೊಂದಲ ಇರುತ್ತಿರಲಿಲ್ಲ. ಆದರೆ ಆ ‘ಅನ್ನು’ ಬಿಟ್ಟು ಮಾತಾಡುವುದು ನಮಗೆಲ್ಲ ರೂಢಿ, ಅಲ್ವಾ?

ಇಂಥ ಖಾಲಿ ಜಾಗಕ್ಕೆ ಹೆಸರಿಟ್ಟು ಬರೆಯುವ ವಿಧಾನವೇ ಲ್ಯಾಂಬ್ಡಾ ಕ್ಯಾಲ್ಕುಲಸ್. ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿದ್ದ ಗಣಿತಜ್ಞ ಅಲಾಂಜೊ ಚರ್ಚ್ 1930ರ ದಶಕದಲ್ಲಿ ಇದನ್ನು ಕಟ್ಟಿದರು. ಅವರಿಗೆ ಬೇಕಿದ್ದದ್ದು ಗಣಿತಕ್ಕೊಂದು ಬುನಾದಿ. ಭಾಷೆಯ ಯೋಚನೆ ಇರಲಿಲ್ಲ. ಹೆಸರು ಕೇಳಿದರೆ ಹೆದರಿಕೆಯಾಗುತ್ತದೆ, ಆದರೆ ಒಳಗೆ ಇರುವುದು ಎರಡೇ ಕೆಲಸ. ಜಾಗ ಬಿಡುವುದು, ಬಿಟ್ಟ ಜಾಗ ತುಂಬುವುದು. ‘ಲ್ಯಾಂಬ್ಡಾ ಕ: ಹುಲಿ ಕ-ನನ್ನು ಕೊಂದಿತು’ ಎಂದು ಬರೆದರೆ, ಕ ಎನ್ನುವ ಜಾಗ ಖಾಲಿ ಇದೆ, ಯಾರನ್ನಾದರೂ ತಂದು ಕೂರಿಸಿ ಎಂದರ್ಥ. ‘ಲ್ಯಾಂಬ್ಡಾ ಕ: ಕ ಹುಲಿಯನ್ನು ಕೊಂದ’ ಎನ್ನುವುದು ಇನ್ನೊಂದು ಅರ್ಥ. ಬೋರ್ಡಿನ ಮೇಲಿದ್ದ ಜಗಳ ಇಷ್ಟರಲ್ಲೇ ಬಿಡಿಸಿಕೊಳ್ಳುತ್ತದೆ.

ಕನ್ನಡದವರಿಗೆ ಇದು ಬೇಗ ಹತ್ತುತ್ತದೆ ಎಂಬುದು ನನ್ನ ಅನುಭವ. ‘ಗೀತಾ ತಮ್ಮನಿಗೆ ಪುಸ್ತಕ ಕೊಟ್ಟಳು’ ಎನ್ನುವ ವಾಕ್ಯ ತೆಗೆದುಕೊಳ್ಳಿ. ‘ಗೀತಾ ತಮ್ಮನಿಗೆ ಕೊಟ್ಟ ಪುಸ್ತಕ’ ಎನ್ನಬಹುದು. ‘ಗೀತಾ ಪುಸ್ತಕ ಕೊಟ್ಟ ಹುಡುಗ’ ಎನ್ನಬಹುದು. ‘ತಮ್ಮನಿಗೆ ಪುಸ್ತಕ ಕೊಟ್ಟ ಹುಡುಗಿ’ ಎಂದೂ ಹೇಳಬಹುದು. ಮೂರರಲ್ಲೂ ‘ಕೊಟ್ಟ’ ಅದೇ. ಖಾಲಿ ಬಿಟ್ಟ ಜಾಗ ಮಾತ್ರ ಬೇರೆ ಬೇರೆ. ಹಿಂದಿಯಲ್ಲಿ ಹೀಗೆ ಹೇಳಬೇಕಾದರೆ ಸಾಮಾನ್ಯವಾಗಿ ‘ಜೋ’, ‘ಜಿಸ್‌ಕೋ’ ಎಂದು ಜಾಗದ ಗುರುತು ಹಿಡಿದು ಹೋಗುತ್ತಾರೆ. ನಾವು ಗುರುತಿಲ್ಲದೆಯೇ ಸುಮ್ನೆ ಜಾಗ ಬಿಡುತ್ತೇವೆ, ಕೇಳುವವರು ತುಂಬಿಕೊಳ್ಳುತ್ತಾರೆ. ಎಷ್ಟು ಸಲ ಬರೆದರೂ ಈ ಮೂರು ಸಾಲು ನೋಡಿದಾಗ ನನಗೆ ಖುಷಿಯಾಗುತ್ತದೆ.

ಆದರೆ ಯಾವ ಜಾಗದಲ್ಲಿ ಏನು ಬೇಕಾದರೂ ಕೂರುವಂತಿಲ್ಲ. ‘ಬೆಂಕಿಯಿಂದ ನೆನೆಸು’ ಎಂದರೆ ಮಾತು ನಿಲ್ಲುವುದಿಲ್ಲ, ಅದಕ್ಕೆ ಯೋಗ್ಯತೆ ಇಲ್ಲ ಎಂದು ನಮ್ಮ ಹಳೆಯ ತರ್ಕಪಂಥವಾದ ನ್ಯಾಯಶಾಸ್ತ್ರದವರು ಹಿಂದೆಯೇ ಹೇಳಿದ್ದರು. ಒಂದು ಪದ ಇನ್ನೊಂದನ್ನು ಬೇಡುವುದಕ್ಕೆ ಆಕಾಂಕ್ಷೆ ಎಂದರು. ಯಾವ ಜಾಗಕ್ಕೆ ಯಾವ ಬಗೆಯದು ಬರಬಹುದು ಎಂದು ಗೊತ್ತುಮಾಡುವ ಇಂದಿನ ಟೈಪ್ ಥಿಯರಿಯೂ ಇದೇ, ಎಲ್ಲ ನಮ್ಮಲ್ಲೇ ಇತ್ತು ಎನ್ನುವವರು ಸಿಗುತ್ತಾರೆ. ನಾನು ಒಪ್ಪುವುದಿಲ್ಲ. ಮಾತು ಕೇಳಿದವನಿಗೆ ತಿಳಿವಳಿಕೆ ಹುಟ್ಟುವುದು ಹೇಗೆ ಎಂಬುದು ಅವರ ಪ್ರಶ್ನೆ, ಅದು ತನ್ನಷ್ಟಕ್ಕೇ ದೊಡ್ಡದು. ಟೈಪುಗಳು ಹುಟ್ಟಿದ್ದು ಬೇರೆ ಸಂಕಟದಿಂದ.

1902ರ ಜೂನ್ 16ರಂದು ಇಂಗ್ಲೆಂಡಿನ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಜರ್ಮನಿಯ ತರ್ಕಶಾಸ್ತ್ರಜ್ಞ ಗಾಟ್‌ಲೋಬ್ ಫ್ರೇಗೆಗೆ ಒಂದು ಪತ್ರ ಬರೆದರು. ಗಣಿತವನ್ನು ತರ್ಕದ ಮೇಲೆ ನಿಲ್ಲಿಸುವ ಫ್ರೇಗೆಯ ಗ್ರಂಥದ ಎರಡನೇ ಸಂಪುಟ ಆಗ ಅಚ್ಚಿನಲ್ಲಿತ್ತು. ಪತ್ರದಲ್ಲಿದ್ದ ತೊಡಕನ್ನು ನಾನು ಹೀಗೆ ಹೇಳುತ್ತೇನೆ. ‘ಹಸಿರು’ ಎನ್ನುವ ಗುಣ ತಾನೇ ಹಸಿರಾಗಿಲ್ಲ. ಹೀಗೆ ತನಗೆ ತಾನು ಹೊಂದದ ಗುಣಗಳಿಗೆಲ್ಲ ‘ಹೊರಗಿನದು’ ಎಂದು ಹೆಸರಿಡೋಣ. ಈಗ ‘ಹೊರಗಿನದು’ ಎನ್ನುವ ಗುಣವೇ ಹೊರಗಿನದೋ ಅಲ್ಲವೋ? ಹೌದು ಎಂದರೆ ಅಲ್ಲ ಎಂದಾಗುತ್ತದೆ, ಅಲ್ಲ ಎಂದರೆ ಹೌದು ಎಂದಾಗುತ್ತದೆ. ರಸೆಲ್ 1908ರಲ್ಲಿ ಕೊಟ್ಟ ಪರಿಹಾರದ ತಿರುಳು ಇದು: ಜಾಗ ಬಿಟ್ಟ ಮಾತು ತನ್ನದೇ ಜಾಗದಲ್ಲಿ ತಾನು ಕೂರುವಂತಿಲ್ಲ. ಪ್ರತಿ ಜಾಗಕ್ಕೂ ಒಂದು ದರ್ಜೆ, ಆ ದರ್ಜೆಯದೇ ಅಲ್ಲಿಗೆ ಬರಬೇಕು. ಚರ್ಚ್ ಕಟ್ಟಿದ ಮೊದಲ ತರ್ಕವೂ ಇಂಥದೇ ಹಳ್ಳಕ್ಕೆ ಬಿತ್ತು. 1935ರಲ್ಲಿ ಅದನ್ನು ತೋರಿಸಿಕೊಟ್ಟವರು ಅವರ ಶಿಷ್ಯರೇ, ಕ್ಲೀನಿ ಮತ್ತು ರಾಸರ್. 1940ರಲ್ಲಿ ಚರ್ಚ್ ಲ್ಯಾಂಬ್ಡಾಕ್ಕೆ ಈ ದರ್ಜೆಗಳನ್ನು, ಅಂದರೆ ಟೈಪುಗಳನ್ನು, ಜೋಡಿಸಿದರು.

ಭಾಷೆಗೆ ಇದನ್ನು ತಂದವರಲ್ಲಿ ದೊಡ್ಡ ಹೆಸರು ಕ್ಯಾಲಿಫೋರ್ನಿಯಾದ ತರ್ಕಶಾಸ್ತ್ರಜ್ಞ ರಿಚರ್ಡ್ ಮಾಂಟೆಗ್ಯೂ. 1971ರಲ್ಲಿ ಅವರು ತೀರಿಕೊಂಡರು, ಅವರ ಮುಖ್ಯ ಲೇಖನ ಅಚ್ಚಾದದ್ದು 1973ರಲ್ಲಿ. ಭಾಷಾವಿಜ್ಞಾನಿಗಳಿಗೆ ಅದನ್ನು ಮುಟ್ಟಿಸಿದವರು ಬಾರ್ಬರಾ ಪಾರ್ಟಿ. ಮಾಂಟೆಗ್ಯೂ ಮಾಡಿದ್ದು ಏನು ಎಂದು ಕನ್ನಡದಲ್ಲೇ ನೋಡಿ. ‘ಗೀತಾ ಬಂದಳು’ ಎನ್ನುವಲ್ಲಿ ಗೀತಾ ಒಬ್ಬ ವ್ಯಕ್ತಿ, ‘ಬಂದಳು’ ವ್ಯಕ್ತಿಗಾಗಿ ಜಾಗ ಬಿಟ್ಟ ಮಾತು. ಗೀತಾ ಹೋಗಿ ಅಲ್ಲಿ ಕೂತರೆ ನಿಜವೋ ಸುಳ್ಳೋ ಸಿಗುತ್ತದೆ. ‘ಪ್ರತಿಯೊಬ್ಬರೂ ಬಂದರು’ ಎಂದರೆ? ‘ಪ್ರತಿಯೊಬ್ಬರು’ ಎನ್ನುವ ಮನುಷ್ಯ ಎಲ್ಲೂ ಇಲ್ಲ. ಇಲ್ಲಿ ಲೆಕ್ಕ ತಿರುಗುತ್ತದೆ. ‘ಪ್ರತಿಯೊಬ್ಬರು’ ಹೋಗಿ ‘ಬಂದರು’ವಿನೊಳಗೆ ಕೂರುವುದಿಲ್ಲ. ‘ಬಂದರು’ ಎನ್ನುವುದನ್ನೇ ಕೈಗೆತ್ತಿಕೊಂಡು, ಇದರಲ್ಲಿ ಯಾರನ್ನು ಕೂರಿಸಿದರೂ ನಿಜವಾಗುತ್ತದೆಯೇ ಎಂದು ಕೇಳುತ್ತದೆ. ಅಂದರೆ ಅದು ಒಂದು ದರ್ಜೆ ಮೇಲಿನದು.

ತತ್ವಶಾಸ್ತ್ರದಲ್ಲಿ ಈ ದರ್ಜೆ ಮರೆತರೆ ಏನಾಗುತ್ತದೆ ಎಂಬುದಕ್ಕೆ 1930ರ ದಶಕದ ಆರಂಭದ ಒಂದು ವಾದ ಇದೆ. ತತ್ವಜ್ಞಾನಿ ಹೈಡೆಗರ್ ಜರ್ಮನ್ ಭಾಷೆಯಲ್ಲಿ ‘ಇಲ್ಲದಿರುವುದು’ ಎಂಬುದನ್ನು ಒಂದು ವಸ್ತುವಿನ ಹಾಗೆ ಕರ್ತೃವಾಗಿಸಿ ಬರೆದಿದ್ದರು; ತರ್ಕದ ಕಡೆಯ ತತ್ವಜ್ಞಾನಿ ಕಾರ್ನಾಪ್ ಅದು ಹೆಸರೇ ಅಲ್ಲ ಎಂದರು, ನಮ್ಮ ‘ಪ್ರತಿಯೊಬ್ಬರು’ ಹೆಸರಲ್ಲದ ಹಾಗೆ. ಹೈಡೆಗರ್ ಹೇಳಹೊರಟದ್ದು ಅಷ್ಟಕ್ಕೇ ಮುಗಿಯುವುದಿಲ್ಲ ಎಂದು ನನಗನ್ನಿಸುತ್ತದೆ, ಆದರೆ ಕಾರ್ನಾಪ್ ಹಿಡಿದ ತಪ್ಪು ತಪ್ಪೇ. ನಮ್ಮ ‘ಏನೂ’, ‘ಯಾರೂ’ ಮಾತ್ರ ಹೀಗೆ ಒಬ್ಬಂಟಿಯಾಗಿ ನಿಲ್ಲುವುದಿಲ್ಲ; ‘ಇಲ್ಲ’ ಎಂಬಂಥದೊಂದು ಜೊತೆಗೆ ಬೇಕೇ ಬೇಕು.

ಈ ‘ಇಲ್ಲ’ ನನಗೆ ಪಾಠ ಕಲಿಸಿದ್ದೂ ಉಂಟು. ಕನ್ನಡದಲ್ಲಿ ಪ್ರಶ್ನೆ ಕೇಳಿದರೆ ಮಕ್ಕಳ ಪಟ್ಟಿ ಕೊಡುವ ಒಂದು ತಂತ್ರಾಂಶಕ್ಕೆ ನಾನು ವ್ಯಾಕರಣ ಬರೆದಿದ್ದೆ. ಒಂದು ಶಾಲೆಯಲ್ಲಿ ಅದನ್ನು ಬಳಸುತ್ತಿದ್ದರು. ವರ್ಷಕ್ಕೆ ನಾಲ್ಕು ಕಿರುಪರೀಕ್ಷೆ. ಮೇಡಂ ಒಬ್ಬರು ‘ಎರಡು ಪರೀಕ್ಷೆ ಬರೆಯದ ಮಕ್ಕಳು’ ಎಂದು ಟೈಪ್ ಮಾಡಿದರು. ಜ್ವರ ಬಂದು ಎರಡು ಪರೀಕ್ಷೆ ತಪ್ಪಿದ್ದ ಹುಡುಗಿಯ ಹೆಸರು ಪಟ್ಟಿಯಲ್ಲಿ ಬರಲೇ ಇಲ್ಲ. ಮರುಪರೀಕ್ಷೆಗೆ ಅವಳಿಗೆ ಕರೆ ಹೋಗಲಿಲ್ಲ.

ತಪ್ಪು ನನ್ನ ವ್ಯಾಕರಣದ್ದು. ಅದು ‘ಬರೆಯದ’ ಎನ್ನುವುದರಲ್ಲಿ ಅಡಗಿದ ‘ಇಲ್ಲ’ವನ್ನು ಹೊರಗಿಟ್ಟು ‘ಎರಡ’ನ್ನು ಒಳಗಿಟ್ಟಿತ್ತು. ‘ಎರಡು ಪರೀಕ್ಷೆ ಬರೆದಿದ್ದಾಳೆ’ ಎಂಬುದು ಯಾರ ವಿಷಯದಲ್ಲಿ ಸುಳ್ಳೋ ಅವರನ್ನು ಮಾತ್ರ ಆರಿಸಿತ್ತು. ಹುಡುಗಿ ಉಳಿದ ಎರಡನ್ನು ಬರೆದಿದ್ದಳಲ್ಲ, ಹಾಗಾಗಿ ಬಿಟ್ಟುಹೋದಳು. ಮೇಡಂ ಮನಸ್ಸಿನಲ್ಲಿ ‘ಎರಡು’ ಹೊರಗಿತ್ತು: ಬರೆಯದೆ ಉಳಿದ ಪರೀಕ್ಷೆಗಳು ಎರಡಿವೆಯೇ? ಎರಡೂ ಕನ್ನಡವೇ.

ಮಕ್ಕಳು ಇಂಥ ವಾಕ್ಯವನ್ನು ಹೇಗೆ ತೆಗೆದುಕೊಳ್ಳುತ್ತಾರೆ ಎಂದು ಭಾಷಾ ಸಂಶೋಧಕರಾದ ಜೆಫ್ರಿ ಲಿಡ್ಜ್ ಮತ್ತು ಜೂಲಿಯನ್ ಮುಸೊಲಿನೊ ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು. ಕನ್ನಡದ ಮತ್ತು ಇಂಗ್ಲಿಷಿನ ನಾಲ್ಕು ವರ್ಷದ ಮಕ್ಕಳು. ‘ಎರಡು ಪುಸ್ತಕ ಓದಲಿಲ್ಲ’ ಎನ್ನುವಂಥ ವಾಕ್ಯಗಳು. ದೊಡ್ಡವರಿಗೆ ಎರಡೂ ಅರ್ಥ ಆಗುತ್ತದೆ. ಎರಡೂ ಭಾಷೆಯ ಮಕ್ಕಳು ಮಾತ್ರ ‘ಇಲ್ಲ’ ಹೊರಗಿರುವ ಅರ್ಥವನ್ನೇ ಹಿಡಿದರು. ಇಂಗ್ಲಿಷಿನಲ್ಲಿ ‘ಇಲ್ಲ’ ಮೊದಲು ಬರುತ್ತದೆ, ಎರಡು ಆಮೇಲೆ. ಕನ್ನಡದಲ್ಲಿ ಉಲ್ಟಾ. ಕಿವಿಗೆ ಬಿದ್ದ ಸಾಲನ್ನೇ ಹಿಡಿದಿದ್ದರೆ ನಮ್ಮ ಮಕ್ಕಳು ಇನ್ನೊಂದು ಅರ್ಥಕ್ಕೆ ಹೋಗಬೇಕಿತ್ತು. ಹೋಗಲಿಲ್ಲ. ಯಾವುದರೊಳಗೆ ಯಾವುದು ಕೂತಿದೆ ಎಂಬ ಕಟ್ಟನ್ನೇ ಅವರು ಹಿಡಿದಿದ್ದರು, ನಾಲ್ಕನೇ ವಯಸ್ಸಿಗೇ.

ಆ ಹುಡುಗಿಗೆ ಮುಂದಿನ ವಾರ ಬೇರೆಯಾಗಿ ಮರುಪರೀಕ್ಷೆ ಮಾಡಿಸಿದರು. ತಂತ್ರಾಂಶ ಈಗ ಇಂಥ ವಾಕ್ಯ ಬಂದರೆ ತಾನೇ ಒಂದು ಅರ್ಥ ಆರಿಸಿಕೊಳ್ಳುವುದಿಲ್ಲ. ‘ಬರೆದದ್ದು ಎರಡಕ್ಕಿಂತ ಕಡಿಮೆಯೋ, ಬಿಟ್ಟದ್ದು ಎರಡೋ?’ ಎಂದು ಮೇಡಂ ಅವರನ್ನೇ ಕೇಳುತ್ತದೆ.