ಗೋಡೆಯೊಳಗಿನ ಹೊಗೆ

ಒಂದು ಮೂಟೆ ಸಿಮೆಂಟಿನ ತೂಕ 50 ಕಿಲೋ. ಮೂಟೆಯ ಮೇಲೆ ಬರೆಯದ ಇನ್ನೊಂದು ತೂಕವೂ ಅದಕ್ಕಿದೆ: ಬೂದಿ ಬೆರೆಸದ ಸಾಧಾರಣ ಓಪಿಸಿ (ಆರ್ಡಿನರಿ ಪೋರ್ಟ್‌ಲ್ಯಾಂಡ್) ಸಿಮೆಂಟಾದರೆ, ಅದು ಸೈಟಿಗೆ ಬಂದಿಳಿಯುವ ಮೊದಲೇ ಹೆಚ್ಚುಕಡಿಮೆ 40 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿ ಸೇರಿರುತ್ತದೆ. ಫ್ಯಾನು, ಗೀಸರ್‌ಗಳ ಕರೆಂಟನ್ನು ನಾಳೆ ಉಳಿಸಬಹುದು. ಗೋಡೆ, ತಾರಸಿಗಳಿಗಾಗಿ ಆಗಲೇ ಗಾಳಿ ಸೇರಿದ ಈ ಇಂಗಾಲವನ್ನು ಗೃಹಪ್ರವೇಶದ ನಂತರ ಯಾರೂ ಹಿಂದಕ್ಕೆ ತರಲಾರರು.

ಇದೆಲ್ಲ ಕಲ್ಲಿದ್ದಲಿನ ಹೊಗೆಯೂ ಅಲ್ಲ. ಅರ್ಧಕ್ಕಿಂತ ಹೆಚ್ಚು ಪಾಲು ಕಲ್ಲಿನದೇ. ಕಲಬುರಗಿ ಜಿಲ್ಲೆಯ ಸೇಡಂ, ವಾಡಿ ಕಡೆಯ ಕಾರ್ಖಾನೆಗಳಿಗೆ ಹೋಗುವ ಸುಣ್ಣದಕಲ್ಲಿನ ಲೆಕ್ಕ ಹೀಗಿದೆ: ಶುದ್ಧ ಕಲ್ಲು 100 ಕಿಲೋ ಬೆಂದರೆ 56 ಕಿಲೋ ಸುಣ್ಣ ಉಳಿಯುತ್ತದೆ, 44 ಕಿಲೋ ಅನಿಲವಾಗಿ ಹಾರಿಹೋಗುತ್ತದೆ. ಗೂಡಿಗೆ ಸೂರ್ಯನ ಶಾಖವನ್ನೇ ಕೊಟ್ಟರೂ ಈ 44 ತಪ್ಪದು. ಹಾಗಾಗಿ ಸುಣ್ಣದಕಲ್ಲು ಬೆಂದು ಆಗುವ, ಸಿಮೆಂಟಿನ ಮೂಲವಸ್ತುವಾದ ಕ್ಲಿಂಕರನ್ನೇ ಕಡಿಮೆ ಬಳಸಬೇಕು.

ಬೂದಿ ಬೆರೆಸಿದ ಪಿಪಿಸಿ (ಪೋರ್ಟ್‌ಲ್ಯಾಂಡ್ ಪೊಝೊಲಾನಾ) ಸಿಮೆಂಟಿನಲ್ಲಿ ಆಗುವುದು ಇದೇ. ಅದರಲ್ಲಿ 35 ಶೇಕಡಾವರೆಗೆ ಹಾರುಬೂದಿ, ಅಂದರೆ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳ ನುಣ್ಣನೆಯ ಬೂದಿ, ಇರಬಹುದು. ಆದರೂ ತಾರಸಿಗೆ ಮೋಲ್ಡ್ ಹಾಕುವ ದಿನ ಬಂತೆಂದರೆ ‘ಓಪಿಸಿ 53 ಗ್ರೇಡೇ ತನ್ನಿ’ ಎನ್ನುವ ಮೇಸ್ತ್ರಿಗಳು ಬಹಳ. ಅವರ ಅಂಜಿಕೆ ಸುಳ್ಳಲ್ಲ: ಬೂದಿ ನಿಧಾನವಾಗಿ ಗಟ್ಟಿಯಾಗುತ್ತದೆ, ಸೆಂಟ್ರಿಂಗ್ ಬಿಚ್ಚಲು ಅವಸರ ಕೂಡದು, ಏಳು ದಿನದ ಕ್ಯೂರಿಂಗ್ ಸಾಲದು, ಕನಿಷ್ಠ ಹತ್ತು ದಿನ ನೀರು ಹೊಡೆಯಬೇಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಇನ್ನೊಂದು ದಾರಿ ತೋರಿಸಿತು. ಅಲ್ಲಿ ಕೆ.ಎಸ್. ಜಗದೀಶ್ ಮತ್ತು ಅವರ ಜೊತೆಗಾರರು ಹದಗೊಳಿಸಿದ ಮಣ್ಣಿನ ಇಟ್ಟಿಗೆ ಮಾಡುವ ಬಗೆ ಕಣ್ಣಿಗೆ ಕಟ್ಟುವಂಥದ್ದು. ಜರಡಿ ಹಿಡಿದ ಕೆಂಪು ಮಣ್ಣು, ಮರಳು, ನೂರಕ್ಕೆ ಆರೇಳು ಪಾಲು ಸಿಮೆಂಟು, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುವಷ್ಟೇ ನೀರು. ಅಚ್ಚಿಗೆ ತುಂಬಿ ಉದ್ದನೆಯ ಸನ್ನೆಯನ್ನು ಮೈಭಾರ ಹಾಕಿ ಎಳೆದರೆ ಚೂಪಾದ ಅಂಚಿನ ಇಟ್ಟಿಗೆ ಮೇಲೇಳುತ್ತದೆ. ಬೆಂಕಿ ಬೇಡ, ಒದ್ದೆ ಗೋಣಿಯ ಕೆಳಗೆ ಮೂರು ವಾರ ಬಿಟ್ಟರಾಯಿತು. ಸುಟ್ಟ ಇಟ್ಟಿಗೆಯ ಗೋಡೆಗೆ ಬೇಕಾದ ಶಕ್ತಿಯ ಸುಮಾರು ಕಾಲು ಪಾಲಿನಲ್ಲಿ ಈ ಗೋಡೆ ಏಳುತ್ತದೆಂದು ಅಲ್ಲಿಯ ಲೆಕ್ಕಾಚಾರಗಳೇ ತೋರಿಸಿವೆ.

ಆದರೆ ಲ್ಯಾಬಿನಲ್ಲಿ ಗೆದ್ದದ್ದು ಬೀದಿಗೆ ಬರಬೇಕಾದರೆ ಮಾನಕ ಬೇಕು. ಐಎಸ್ (ಭಾರತೀಯ ಮಾನಕ) ಸಂಖ್ಯೆಯಿಲ್ಲದ ವಸ್ತುವಿಗೆ ಎಂಜಿನಿಯರು ಸಹಿ ಹಾಕುವುದಿಲ್ಲ, ಲೋಕೋಪಯೋಗಿ ದರಪಟ್ಟಿಯಲ್ಲಿಲ್ಲದ್ದನ್ನು ಗುತ್ತಿಗೆದಾರ ಮುಟ್ಟುವುದಿಲ್ಲ. ಮಣ್ಣಿನ ಇಟ್ಟಿಗೆಗೆ ಐಎಸ್ 1725 ಇದೆ. ಅರ್ಧದಷ್ಟೇ ಕ್ಲಿಂಕರ್, ಉಳಿದದ್ದು ಮುಖ್ಯವಾಗಿ ಸುಟ್ಟ ಜೇಡಿ ಮತ್ತು ಸುಣ್ಣದಕಲ್ಲಿನ ಪುಡಿ ಇರುವ ಎಲ್‌ಸಿ3 ಸಿಮೆಂಟಿಗೆ 2023ರಲ್ಲಿ ಐಎಸ್ 18189 ಬಂತು.

ಇಂಥ ಮಾನಕಗಳ ಕರಡನ್ನು ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಅಭಿಪ್ರಾಯಕ್ಕಾಗಿ ಬಹಿರಂಗವಾಗಿ ಹೊರಡಿಸುತ್ತದೆ. ಆಕ್ಷೇಪ, ಸಲಹೆ ಯಾರು ಬೇಕಾದರೂ ಬರೆಯಬಹುದು. ಬರೆಯಬೇಕಾದವರು ಮೇಸ್ತ್ರಿಗಳು, ಇಟ್ಟಿಗೆ ಮಾಡುವವರು, ಮಲೆನಾಡಿನ ಮಳೆಗೆ ಮಣ್ಣಿನ ಗೋಡೆಯ ಬುಡ ಹೇಗೆ ಕರಗುತ್ತದೆಂದು ಕಂಡವರು. ತಳಪಾಯಕ್ಕೆ ಎಷ್ಟು ಎತ್ತರ ಕಲ್ಲು ಬೇಕು, ಸೂರಿನ ಚಾಚು ಎಷ್ಟಿರಬೇಕು, ಕರಾವಳಿಯ ಮುರಕಲ್ಲಿಗೆ ಗಾರೆ ಯಾವುದು ಹಿಡಿಯುತ್ತದೆ ಎಂಬುದು ಅವರಿಗೆ ಗೊತ್ತು. ಕರಡುಗಳು ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುವುದರಿಂದ ಅವು ಅವರವರೆಗೆ ತಲುಪುವುದಿಲ್ಲ. ಎರಡು ಪುಟದ ಕನ್ನಡ ಸಾರಾಂಶವನ್ನು ತಾಲ್ಲೂಕಿನ ಎಂಜಿನಿಯರಿಂಗ್, ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಬರೆದು, ಸೈಟಿನಲ್ಲಿ ಓದಿ ಹೇಳಿ, ಮೇಸ್ತ್ರಿಗಳ ಉತ್ತರವನ್ನು ಬಿಐಎಸ್‌ಗೆ ಕಳಿಸಲಿ. ಅಷ್ಟು ಕೆಲಸ ಮುಂದಿನ ಕರಡಿನಿಂದಲೇ ಶುರುವಾಗಬಹುದು.