ಶುಗರ್ ಮಾತ್ರೆ ಔಷಧಿ ಅಲ್ಲವಂತೆ

ನನ್ನ ಮುಂದೆ ಬಂದು ಕೂತ ಪ್ರತಿಯೊಬ್ಬರಿಗೂ ನಾನು ಕೇಳುವ ಪ್ರಶ್ನೆ ಒಂದಿದೆ. ‘ಬೇರೆ ಯಾವುದಾದ್ರೂ ಔಷಧಿ ತಗೊಳ್ತೀರಾ?’ ಬರುವ ಉತ್ತರವೂ ಹೆಚ್ಚುಕಮ್ಮಿ ಒಂದೇ. ‘ಇಲ್ರಿ ಸರ್.’

ಬರೆಯುವುದನ್ನು ನಿಲ್ಲಿಸಿ ಅವರ ಕೈಚೀಲದ ಕಡೆ ನೋಡುತ್ತೇನೆ. ಜೊತೆಗೆ ಬಂದ ಮಗಳೋ ಸೊಸೆಯೋ ಅದರೊಳಗೆ ಕೈ ಹಾಕುತ್ತಾಳೆ. ಜವಳಿ ಅಂಗಡಿಯ ಹಳೇ ಕವರ್, ಅದಕ್ಕೆ ಎರಡು ಸುತ್ತು ರಬ್ಬರ್ ಬ್ಯಾಂಡ್, ಬಿಚ್ಚಿದರೆ ಆರು ಸ್ಟ್ರಿಪ್ಪು. ‘ಮತ್ತೆ ಇವು?’ ‘ಅವು ಶುಗರ್ ಮಾತ್ರೆ ಅಲ್ವೇನ್ರೀ, ದಿನಾ ತಗೊಳ್ಳೋವು.’

ದಿನಾ ತಗೊಳ್ಳುವುದು ಔಷಧಿ ಅಲ್ಲ! ಜ್ವರ ಬಂದಾಗ ಮೂರು ದಿನ ನುಂಗುವುದು ಔಷಧಿ. ಹತ್ತು ವರ್ಷದಿಂದ ನುಂಗುತ್ತಿರುವುದು ಅನ್ನ-ಸಾರಿನ ಲೆಕ್ಕಕ್ಕೆ ಸೇರಿಬಿಟ್ಟಿರುತ್ತದೆ. ದಾವಣಗೆರೆಯಲ್ಲಿ ಇಪ್ಪತ್ತೆರಡು ವರ್ಷ ಪ್ರಾಕ್ಟೀಸ್ ಮಾಡಿದ ಮೇಲೆ ಇದು ನನಗೆ ಆಶ್ಚರ್ಯವಾಗಿ ಉಳಿದಿಲ್ಲ. ಕವರ್ ಬಿಚ್ಚಿಸುತ್ತೇನೆ, ಬರೆದುಕೊಳ್ಳುತ್ತೇನೆ, ಸ್ವಲ್ಪ ಗೊಣಗುತ್ತೇನೆ, ಅಲ್ಲಿಗೆ ಮುಗಿಯಿತು. ಈಗ ಮುಗಿಯುತ್ತಿಲ್ಲ. ಯಾಕೆಂದರೆ ಈಗ ಅದೇ ಪ್ರಶ್ನೆಯನ್ನು ಮೊಬೈಲ್ ಕೇಳುತ್ತಿದೆ, ಮತ್ತು ಮೊಬೈಲಿಗೆ ಕೈಚೀಲ ಕಾಣುವುದಿಲ್ಲ.

ಮೊಬೈಲಿನಲ್ಲೇ ಫಾರಂ ತುಂಬಿ ತರಿಸಿಕೊಳ್ಳುವ, ತೂಕ ಇಳಿಸುವ ಇಂಜೆಕ್ಷನ್ನಿನ ವಿಷಯ ಹೇಳುತ್ತಿದ್ದೇನೆ. 2025ರ ಮಾರ್ಚ್‌ನಲ್ಲಿ ಟಿರ್ಜೆಪಟೈಡ್, ಜೂನ್‌ನಲ್ಲಿ ತೂಕಕ್ಕೆಂದೇ ಇರುವ ಸೆಮಾಗ್ಲುಟೈಡ್ ನಮ್ಮ ದೇಶದ ಮಾರುಕಟ್ಟೆಗೆ ಬಂದವು. ಅಲ್ಲಿಂದೀಚೆಗೆ ಕುಂದುವಾಡ ಕೆರೆಯ ಏರಿ ಮೇಲೆ ಬೆಳಿಗ್ಗೆ ವಾಕಿಂಗ್ ಹೋಗುವವರ ಬಾಯಲ್ಲಿ ಇದೇ ಮಾತು. ನನ್ನ ಜೊತೆ ನಡೆಯುವ ಅಡಿಕೆ ವ್ಯಾಪಾರಿಯೊಬ್ಬರು, ‘ಬೆಣ್ಣೆ ದೋಸೆ ಬಿಡೋದಕ್ಕಿಂತ ವಾರಕ್ಕೊಂದ್ಸಲ ಚುಚ್ಚಿಸಿಕೊಳ್ಳೋದು ಸಲೀಸಲ್ವೇನ್ರಿ ಡಾಕ್ಟ್ರೇ?’ ಅಂತ ಕೇಳಿದರು. ಸಲೀಸೇ. ಔಷಧವೂ ಸುಳ್ಳಲ್ಲ. 2021ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಸೆಮಾಗ್ಲುಟೈಡ್ ತೆಗೆದುಕೊಂಡವರ ತೂಕ 68 ವಾರಗಳಲ್ಲಿ ಸರಾಸರಿ ಸುಮಾರು ಶೇ 15ರಷ್ಟು ಇಳಿಯಿತು. ತೊಂಬತ್ತು ಕೆಜಿಯವರಿಗೆ ಹದಿಮೂರು ಕೆಜಿ ಅಂದರೆ ಮಂಡಿ ನೋವಿನವರಿಗೆ ಅದು ಸಣ್ಣ ಮಾತಲ್ಲ. ನಾನೂ ಬರೆದುಕೊಡುತ್ತೇನೆ.

ಆನ್‌ಲೈನ್ ಡಾಕ್ಟರ್ ಮೇಲೂ ನನಗೆ ಸಿಟ್ಟಿಲ್ಲ. ಜಗಳೂರಿನಿಂದ, ನ್ಯಾಮತಿಯಿಂದ ಬಸ್ಸಿಗೆ ಬಂದು, ಎರಡು ತಾಸು ಕಾದು, ನಾನು ಐದು ನಿಮಿಷ ನೋಡಿ ಕಳಿಸುವುದಕ್ಕಿಂತ ಎಷ್ಟೋ ಸಲ ವಿಡಿಯೊ ಕಾಲ್ ಉತ್ತಮ. ಟೆಲಿಮೆಡಿಸಿನ್‌ಗೆ 2020ರ ಮಾರ್ಚ್‌ನಲ್ಲೇ ಸರ್ಕಾರದ ಮಾರ್ಗಸೂಚಿ ಬಂದಿದೆ. ಅದರ ಪ್ರಕಾರ ನೋಂದಾಯಿತ ವೈದ್ಯರೇ ನೋಡಬೇಕು, ಚೀಟಿಯಲ್ಲಿ ಅವರ ನೋಂದಣಿ ಸಂಖ್ಯೆ ಇರಬೇಕು. ಆಪ್ ಆಗಲಿ, ಕೃತಕ ಬುದ್ಧಿಮತ್ತೆಯಾಗಲಿ ತಾನೇ ಔಷಧ ಬರೆಯುವಂತಿಲ್ಲ. ವಿಡಿಯೊದಲ್ಲಿ ನನಗಿಂತ ತಾಳ್ಮೆಯಿಂದ ಕೇಳುವ ಡಾಕ್ಟರುಗಳನ್ನು ಕಂಡಿದ್ದೇನೆ. ಆದರೆ ಅವರು ಎಷ್ಟೇ ಜಾಣರಾದರೂ ಅವರ ಮುಂದಿರುವುದು ನೀವು ತುಂಬಿದ ಫಾರಂ ಮಾತ್ರ.

ಹರಿಹರದ ಒಬ್ಬ ತಾಯಿ, ವಯಸ್ಸು ಐವತ್ತೆರಡು. ಮಗ ಬೆಂಗಳೂರಿನಲ್ಲಿ ಇಂಜಿನಿಯರ್. ಅಮ್ಮನ ಮಂಡಿ ನೋವು ನೋಡಲಾರದೆ ಅವನೇ ಆನ್‌ಲೈನಿನಲ್ಲಿ ಎಲ್ಲ ಬುಕ್ ಮಾಡಿದ, ಫಾರಂ ಅವನೇ ತುಂಬಿದ. ‘ಈಗ ತೆಗೆದುಕೊಳ್ಳುತ್ತಿರುವ ಔಷಧಗಳು’ ಅನ್ನುವಲ್ಲಿ ‘ಯಾವುದೂ ಇಲ್ಲ’. ಇಂಜೆಕ್ಷನ್ ಮನೆಗೆ ಬಂತು. ಮೊದಲ ತಿಂಗಳು ಏನೂ ಆಗಲಿಲ್ಲ. ಎರಡನೇ ತಿಂಗಳು ಡೋಸ್ ಏರಿದ ಮೇಲೆ ಆಯಮ್ಮನಿಗೆ ಒಂದು ರೊಟ್ಟಿ ಮುಗಿಸುವುದೂ ಕಷ್ಟವಾಯಿತು. ಒಂದು ಸೋಮವಾರ ದೇವಸ್ಥಾನದ ಸಾಲಿನಲ್ಲಿ ನಿಂತಿದ್ದಾಗ ಮೈಯೆಲ್ಲ ಬೆವತು, ಕೈ ನಡುಗಿ, ಅಲ್ಲೇ ಕುಸಿದರು. ಯಾರೋ ಆಟೋದಲ್ಲಿ ಹಾಕಿಕೊಂಡು ತಂದರು. ಬೆರಳು ಚುಚ್ಚಿ ನೋಡಿದರೆ ಶುಗರ್ 46. ಎಪ್ಪತ್ತಕ್ಕಿಂತ ಕೆಳಗಿಳಿದರೆ ಕಡಿಮೆ, ಐವತ್ತನಾಲ್ಕಕ್ಕಿಂತ ಕೆಳಗಾದರೆ ಅಪಾಯ. ಗ್ಲುಕೋಸ್ ಏರಿಸಿ, ಕಣ್ಣು ಬಿಟ್ಟ ಮೇಲೆ ಮಗನಿಗೆ ಫೋನ್ ಮಾಡಿ ಕೇಳಿದೆ: ಅಮ್ಮ ಬೇರೆ ಏನು ಔಷಧಿ ತಗೊಳ್ತಾರೆ?

‘ಏನೂ ಇಲ್ಲ ಸರ್. ಶುಗರ್ ಮಾತ್ರೆ ಒಂದೇ.’

ಓದಿದ ಹುಡುಗ. ಅವನ ಮೇಲೆ ರೇಗಲಿಕ್ಕೂ ಮನಸ್ಸಾಗಲಿಲ್ಲ, ಫೋನಿನಲ್ಲೇ ಅಳುತ್ತಿದ್ದ. ಆ ಮಾತ್ರೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಸೇರಿದ್ದು, ಒಂಬತ್ತು ವರ್ಷದಿಂದ ತಿಂಡಿಗೆ ಮುಂಚೆ ತಪ್ಪದೆ ನುಂಗುತ್ತಿದ್ದದ್ದು. ಅವತ್ತು ಉಪವಾಸವಿದ್ದರೂ ಮಾತ್ರೆ ತಪ್ಪಿಸಿರಲಿಲ್ಲ.

ಇಲ್ಲಿ ಆದದ್ದೇನು ಅನ್ನುವುದನ್ನು ಬಿಡಿಸಿ ಹೇಳಲೇಬೇಕು. ರಕ್ತ ಒಂದು ಬಾವಿ, ಅದರಲ್ಲಿರುವ ಸಕ್ಕರೆಯೇ ನೀರು ಅಂದುಕೊಳ್ಳಿ. ಊಟ ಮಾಡಿದರೆ ಬಾವಿಗೆ ನೀರು ಬರುತ್ತದೆ. ಇನ್ಸುಲಿನ್ ಅನ್ನುವ ಪಂಪು ಅದನ್ನೆತ್ತಿ ಹೊಲಕ್ಕೆ ಬಿಡುತ್ತದೆ. ಗ್ಲಿಮೆಪಿರೈಡ್ ಆಟೋ ಸ್ಟಾರ್ಟರ್ ಇದ್ದ ಹಾಗೆ. ಕರೆಂಟ್ ಬಂತೋ, ಮೋಟಾರ್ ಶುರು. ಬಾವಿಯಲ್ಲಿ ನೀರು ಐತೋ ಇಲ್ಲವೋ ಅದು ನೋಡುವುದಿಲ್ಲ. ಹೊಸ ಇಂಜೆಕ್ಷನ್ ಹಾಗಲ್ಲ. ಅದು ಬಾವಿಗೆ ಇಣುಕಿ ನೋಡಿ ಸ್ವಿಚ್ ಹಾಕುವ ಆಳು, ನೀರು ತಳ ಕಂಡಿದ್ದರೆ ಸುಮ್ಮನಿರುತ್ತಾನೆ. ಅದಕ್ಕೇ ಆ ಇಂಜೆಕ್ಷನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಸಕ್ಕರೆ ತೀರಾ ಇಳಿಯುವುದು ಅಪರೂಪ. ಆದರೆ ಈ ಆಳಿಗೆ ಇನ್ನೊಂದು ಕೆಲಸವಿದೆ. ಹಸಿವು ಕಡಿಮೆ ಮಾಡಿ, ಬಾವಿಗೆ ಬರುವ ನೀರನ್ನೇ ಅರ್ಧ ಕಟ್ಟುತ್ತಾನೆ. ಮೂರು ರೊಟ್ಟಿ ತಿನ್ನುವ ಕಾಲದ ಲೆಕ್ಕಕ್ಕೆ ಕೊಟ್ಟ ಮಾತ್ರೆ, ಅರ್ಧ ರೊಟ್ಟಿ ತಿನ್ನುವವರ ಹೊಟ್ಟೆಯೊಳಗೆ ಅದೇ ಜೋರಿನಲ್ಲಿ ಎಳೆಯುತ್ತಲೇ ಇರುತ್ತದೆ. ಬೋರ್‌ವೆಲ್ ಮೋಟಾರ್ ಸುಟ್ಟವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ಗ್ಲಿಮೆಪಿರೈಡ್ ಬದಲಿಗೆ ಗ್ಲಿಕ್ಲಜೈಡ್ ಇದ್ದರೂ ಅಷ್ಟೇ, ಇನ್ಸುಲಿನ್ ಇದ್ದರಂತೂ ಕೇಳುವುದೇ ಬೇಡ. ಗ್ಲಿಪ್ಟಿನ್ ಗುಂಪಿನ ಶುಗರ್ ಮಾತ್ರೆ ಇದ್ದರೆ ಅಪಾಯ ಅಂತಲ್ಲ, ಈ ಇಂಜೆಕ್ಷನ್ ಜೊತೆ ಅದರಿಂದ ಹೆಚ್ಚಿನ ಲಾಭವಿಲ್ಲ, ದುಡ್ಡು ದಂಡ. ಬಿಪಿ ಮಾತ್ರೆ, ಅದರಲ್ಲೂ ಮೂತ್ರ ಹೆಚ್ಚಿಸುವ ಮಾತ್ರೆ ಇದ್ದು, ಮೇಲೆ ವಾಂತಿ-ಭೇದಿ ಆದರೆ ಕಿಡ್ನಿಗೆ ಏಟು. ಇವನ್ನೆಲ್ಲ ಇಂಜೆಕ್ಷನ್ ಶುರು ಮಾಡುವಾಗಲೇ ಕಡಿಮೆ ಮಾಡಬೇಕೋ, ನಿಲ್ಲಿಸಬೇಕೋ, ಹಾಗೇ ಇಡಬೇಕೋ ಅಂತ ಡಾಕ್ಟರ್ ನಿರ್ಧರಿಸಬೇಕು. ದಯವಿಟ್ಟು ಇದನ್ನೋದಿ ನಾಳೆಯಿಂದ ನೀವೇ ಮಾತ್ರೆ ಬಿಡಬೇಡಿ. ಬಿಟ್ಟು ಶುಗರ್ 400 ಮಾಡಿಕೊಂಡು ಬರುವವರೂ ಇದ್ದಾರೆ.

ಫಾರಂ ಎಂದರೆ ನಮ್ಮವರಿಗೆ ನಾಡಕಚೇರಿಯ ಅರ್ಜಿ. ‘ಹೌದು’ ಅಂದರೆ ಇನ್ನೊಂದು ದಾಖಲೆ ಕೇಳುತ್ತಾರೆ, ‘ಇಲ್ಲ’ ಅಂದರೆ ಮುಂದಿನ ಕಿಟಕಿಗೆ ಹೋಗಬಹುದು. ಜೀವಮಾನವಿಡೀ ಕಲಿತ ಬುದ್ಧಿ ಅದು. ಹಾಗಾಗಿ ಎಲ್ಲದಕ್ಕೂ ‘ಇಲ್ಲ’. ಥೈರಾಯ್ಡ್? ಇಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ ನುಂಗುವ ಹೆಂಗಸರೂ ‘ಇಲ್ಲ’ ಒತ್ತುತ್ತಾರೆ, ಹೇಳಿದರೆ ಇಂಜೆಕ್ಷನ್ ಕೊಡಲಾರರು ಅನ್ನುವ ಭಯಕ್ಕೆ. ಅಸಲಿಗೆ ಆ ಪ್ರಶ್ನೆ ಇರುವುದು ಮೆಡುಲರಿ ಅನ್ನುವ ಒಂದು ಜಾತಿಯ ಥೈರಾಯ್ಡ್ ಕ್ಯಾನ್ಸರ್ ನಿಮಗೋ ನಿಮ್ಮ ಮನೆತನದಲ್ಲೋ ಇದೆಯೇ ಅಂತ ತಿಳಿಯಲು. ಸಾಮಾನ್ಯವಾಗಿ ಕಾಣುವ ಥೈರಾಯ್ಡ್ ಕೊರತೆಗೆ ಈ ಇಂಜೆಕ್ಷನ್ ನಿಷಿದ್ಧವಲ್ಲ. ಸುಮ್ಮನೆ ಸುಳ್ಳು ಹೇಳಿದಂತಾಯಿತು.

ತೂಕದ್ದಂತೂ ತಮಾಷೆ. ಮದುವೆ ಗೊತ್ತಾದ ಹುಡುಗಿಯೊಬ್ಬಳು, ಇಂಜೆಕ್ಷನ್ ಸಿಗಲಿ ಅಂತ, ಇದ್ದ ತೂಕಕ್ಕೆ ಹದಿನೈದು ಕೆಜಿ ಸೇರಿಸಿ ಬರೆದಿದ್ದಳು. ಹೆಣ್ಣುಮಕ್ಕಳು ತೂಕ ಹೆಚ್ಚಿಗೆ ಹೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು. ರಿಸೆಪ್ಶನ್‌ಗೆ ಎರಡು ತಿಂಗಳಿತ್ತು. ಸೆಮಾಗ್ಲುಟೈಡ್ 0.25 ಮಿಲಿಗ್ರಾಂನಿಂದ ಶುರುವಾಗಿ, ನಾಲ್ಕು ವಾರಕ್ಕೊಮ್ಮೆ ಮೆಟ್ಟಿಲೇರಿ, ಪೂರ್ತಿ ಡೋಸ್ 2.4ಕ್ಕೆ ಮುಟ್ಟಲಿಕ್ಕೇ 16 ವಾರ ಬೇಕು. ಬೇಗ ಆಗಲಿ ಅಂತ ಮೆಟ್ಟಿಲು ಹಾರಿದರೆ ಛತ್ರದಲ್ಲಿ ವಾಂತಿ. ಅದಕ್ಕಿಂತ ದೊಡ್ಡ ಮಾತು, ಗರ್ಭಿಣಿಯಾಗುವ ಯೋಚನೆ ಇದ್ದರೆ ಕನಿಷ್ಠ ಎರಡು ತಿಂಗಳು ಮುಂಚೆ ಇದನ್ನು ನಿಲ್ಲಿಸಬೇಕು. ಆ ಪ್ರಶ್ನೆಯೂ ಫಾರಂನಲ್ಲಿ ಇತ್ತಂತೆ. ತುಂಬುತ್ತಿದ್ದವನು ಅವಳ ತಮ್ಮ. ಅವನು ಅಕ್ಕನಿಗೆ ಅದನ್ನು ಹೇಗೆ ಕೇಳಿಯಾನು? ‘ಇಲ್ಲ’ ಒತ್ತಿದ.

ಈಗ ನನ್ನದೇ ಒಂದು ತಪ್ಪು. ಪಿ.ಜೆ. ಬಡಾವಣೆಯ ಉಪನ್ಯಾಸಕಿಯೊಬ್ಬರು, ನನ್ನ ಹಳೇ ಪೇಷಂಟ್, ಎರಡು ವಾರದಿಂದ ವಾಂತಿ, ಹೊಟ್ಟೆ ಉಬ್ಬರ ಅಂತ ಬಂದರು. ಔಷಧಿ ಏನಾದ್ರೂ? ‘ಇಲ್ಲ ಸರ್.’ ಓದಿದವರು, ನಂಬಿದೆ, ಚೀಲ ಕೇಳಲಿಲ್ಲ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಕೊನೆಗೆ ಎಂಡೊಸ್ಕೊಪಿಗೆ ಗೆಳೆಯನ ಹತ್ತಿರ ಕಳಿಸಿದೆ. ಅರ್ಧ ಗಂಟೆಗೆ ಅವನ ಫೋನು: ‘ಏನಪ್ಪಾ, ಪೇಷಂಟ್‌ಗೆ ಊಟ ಹಾಕಿಸಿ ಕಳಿಸೀಯೇನು? ಹೊಟ್ಟೆ ತುಂಬ ಅನ್ನ!’ ಆಯಮ್ಮ ಹಿಂದಿನ ರಾತ್ರಿ ಎಂಟಕ್ಕೆ ಉಂಡವರು ಆಮೇಲೆ ನೀರು ಬಿಟ್ಟು ಏನೂ ಮುಟ್ಟಿರಲಿಲ್ಲ. ಆಗ ಹೊರಗೆ ಬಂತು, ಮೂರು ತಿಂಗಳಿಂದ ಆನ್‌ಲೈನ್ ಇಂಜೆಕ್ಷನ್. ಈ ಔಷಧ ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ. ಅದೇ ಆಯಮ್ಮನಿಗೆ ಪಿತ್ತಕೋಶದ ಆಪರೇಷನ್ ಇದ್ದು, ಅರಿವಳಿಕೆ ಕೊಟ್ಟಾಗ ಆ ಅನ್ನ ಶ್ವಾಸಕೋಶಕ್ಕೆ ಇಳಿದಿದ್ದರೆ? ಅರಿವಳಿಕೆ ಡಾಕ್ಟರಿಗೆ ಇದನ್ನು ಹೇಳಲೇಬೇಕು, ಆಪರೇಷನ್ ದಿನ ಬೆಳಿಗ್ಗೆ ಅಲ್ಲ, ದಿನ ಗೊತ್ತುಮಾಡುವಾಗಲೇ.

ಯಾಕಮ್ಮಾ ಹೇಳಲಿಲ್ಲ ಅಂದರೆ, ಮೊದಲು ‘ಅದು ಔಷಧಿ ಅಲ್ವಲ್ಲ ಸರ್, ವಾರಕ್ಕೊಂದು ಇಂಜೆಕ್ಷನ್’ ಅಂದರು. ಆಮೇಲೆ ತಲೆ ತಗ್ಗಿಸಿ, ‘ನೀವು ಬೈತೀರಿ ಅಂತ’. ಬೈಯುತ್ತಿದ್ದೆ, ನಿಜ. ಇಪ್ಪತ್ತೆರಡು ವರ್ಷ ‘ಬಾಯಿ ಕಟ್ಟಿ, ಓಡಾಡಿ’ ಅಂದದ್ದು ಬಿಟ್ಟರೆ ತೂಕದ ಬಗ್ಗೆ ನಾನು ಅವರಿಗೆ ಬೇರೇನೂ ಕೊಟ್ಟಿರಲಿಲ್ಲ. ಬೇರೆ ಕಡೆ ಹೋಗದೆ ಏನು ಮಾಡಿಯಾರು. ಈಗ ಬೈಯುವುದು ಕಡಿಮೆ ಮಾಡಿದ್ದೇನೆ, ಪೂರ್ತಿ ಬಿಟ್ಟಿಲ್ಲ.

ಪ್ರಶ್ನೆಯನ್ನೂ ಬದಲಾಯಿಸಿದ್ದೇನೆ. ‘ಔಷಧಿ’ ಅನ್ನುವ ಶಬ್ದವನ್ನೇ ತೆಗೆದಿದ್ದೇನೆ. ಬೆಳಿಗ್ಗೆ ಎದ್ದಲ್ಲಿಂದ ರಾತ್ರಿ ಮಲಗುವವರೆಗೆ ನುಂಗುವುದೇನು, ಕುಡಿಯುವುದೇನು, ಹಚ್ಚುವುದೇನು, ಚುಚ್ಚಿಕೊಳ್ಳುವುದೇನು? ನೀವೂ ಆನ್‌ಲೈನ್ ಫಾರಂ ಮುಂದೆ ಕೂತಾಗ ಹೀಗೇ ಕೇಳಿಕೊಳ್ಳಿ. ಬಾಯಿಪಾಠದಿಂದ ತುಂಬಬೇಡಿ. ಕವರನ್ನು ಹಾಸಿಗೆ ಮೇಲೆ ಸುರುವಿ, ಒಂದೊಂದೇ ಸ್ಟ್ರಿಪ್ ತಿರುಗಿಸಿ, ದೊಡ್ಡ ಬಣ್ಣದ ಹೆಸರಿನ ಕೆಳಗಿರುವ ಸಣ್ಣ ಅಕ್ಷರ ಓದಿ. ಗ್ಲಿಮೆಪಿರೈಡ್ ಅಡಗಿರುವುದು ಅಲ್ಲೇ. ಮೆಡಿಕಲ್ ಶಾಪಿನವನು ಕತ್ತರಿಸಿ ಕೊಟ್ಟ ತುಂಡಿನಲ್ಲಿ ಹೆಸರೇ ಇಲ್ಲದಿದ್ದರೆ ಅವನ ಹತ್ತಿರ ಹೋಗಿ ಬರೆಸಿಕೊಳ್ಳಿ. ಎಲ್ಲದರ ಫೋಟೊ ತೆಗೆದು, ವಿಡಿಯೊದಲ್ಲಿ ಡಾಕ್ಟರ್ ಕೇಳಲಿ ಬಿಡಲಿ, ತೋರಿಸಿ. ಅಮ್ಮನ ಫಾರಂ ಅಮ್ಮನ ಪಕ್ಕದಲ್ಲಿ ಕೂತೇ ತುಂಬಿ. ವಿಡಿಯೊದಲ್ಲಿ ಡಾಕ್ಟರೇ ಕಾಣದೆ ಬರೀ ಫಾರಂಗೆ ಇಂಜೆಕ್ಷನ್ ಬಂದರೆ ತಗೊಳ್ಳಬೇಡಿ. ಇನ್ನು ಇಂಜೆಕ್ಷನ್ನಿನ ಪೆನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕಾದ್ದು, ಏಪ್ರಿಲ್ ಬಿಸಿಲಲ್ಲಿ ಕೊರಿಯರ್‌ನವನು ಪಕ್ಕದ ಅಂಗಡಿಯಲ್ಲಿ ಕೊಟ್ಟುಹೋಗುವ ವ್ಯವಸ್ಥೆ ಬೇಡ.

ಹರಿಹರದ ತಾಯಿ ಈಗ ಚೆನ್ನಾಗಿದ್ದಾರೆ. ಗ್ಲಿಮೆಪಿರೈಡ್ ನಿಲ್ಲಿಸಿದ್ದೇನೆ, ಇಂಜೆಕ್ಷನ್ ಕೆಳಗಿನ ಡೋಸಿನಲ್ಲಿ ಮುಂದುವರಿದಿದೆ, ಏಳು ಕೆಜಿ ಇಳಿದಿದ್ದಾರೆ. ಹೋದ ತಿಂಗಳು ಬಂದವರು ನಾನು ಕೇಳುವ ಮೊದಲೇ ಕವರ್ ಬಿಚ್ಚಿ ಟೇಬಲ್ ಮೇಲೆ ಸಾಲಾಗಿ ಜೋಡಿಸಿದರು. ಮೆಟ್‌ಫಾರ್ಮಿನ್, ಬಿಪಿ ಮಾತ್ರೆ, ಕ್ಯಾಲ್ಸಿಯಂ. ಖುಷಿಯಾಯಿತು. ಕವರಿನ ತಳದಲ್ಲಿ ಇನ್ನೊಂದು ಡಬ್ಬಿ ಉಳಿದಿತ್ತು, ಲೇಬಲ್ ಇಲ್ಲದ ಹಸಿರು ಪುಡಿ.

‘ಇದೇನಮ್ಮಾ?’

‘ಅದು ಔಷಧಿ ಅಲ್ರೀ ಸರ್. ಸಂತೇಲಿ ತಗೊಂಡದ್ದು. ತೂಕ ಇಳಿಸೋ ಗಿಡಮೂಲಿಕೆ.’

ಇಂಥ ಪುಡಿಗಳಲ್ಲಿ, 2011ರಲ್ಲೇ ನಮ್ಮ ದೇಶದಲ್ಲಿ ನಿಷೇಧವಾದ ಸಿಬುಟ್ರಮಿನ್ ಅನ್ನುವ ತೂಕ ಇಳಿಸುವ ಔಷಧ ಬೆರೆಸಿದ್ದು ಹಲವು ದೇಶಗಳಲ್ಲಿ ಸಿಕ್ಕಿದೆ. ಹೃದಯಕ್ಕೆ ಅಪಾಯ ಅಂತಲೇ ಅದನ್ನು ನಿಲ್ಲಿಸಿದ್ದು. ಈ ಪುಡಿಯಲ್ಲಿ ಏನಿತ್ತೋ. ಡಬ್ಬಿ ನನ್ನ ಡ್ರಾಯರಿನಲ್ಲೇ ಇಟ್ಟುಕೊಂಡೆ, ಆಯಮ್ಮ ನೂರಿಪ್ಪತ್ತು ರೂಪಾಯಿ ಹೋಯಿತಲ್ಲ ಅಂತ ಮುಖ ಸಣ್ಣ ಮಾಡಿಕೊಂಡು ಎದ್ದರು.